ಹೆತ್ತವಳ ಲೆಕ್ಕ ಎಲ್ಲಿದೆ?

ಮಣ್ಣಿನಲ್ಲಿ ಒಂದು ಹೆಣ್ಣು ಬೊಂಬೆ ಸಿಕ್ಕರೆ ಸಾಕು, ನಮ್ಮ ಪಂಡಿತರು ಕೈ ಮುಗಿದುಬಿಡುತ್ತಾರೆ. ದೊಡ್ಡ ಮೊಲೆ, ದಪ್ಪ ಸೊಂಟ ಕಂಡದ್ದೇ ತಡ, 'ಮಾತೃದೇವತೆ' ಅಂತ ಚೀಟಿ ಅಂಟಿಸಿ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುತ್ತಾರೆ. ಅಲ್ಲಿಗೆ ಅವಳ ಕಥೆ ಮುಗಿಯಿತು. ಅವಳ ಕಾಲದ ಹೆಂಗಸರು ಎಷ್ಟು ಹೆತ್ತರು, ಹೆತ್ತದ್ದರಲ್ಲಿ ಎಷ್ಟು ಉಳಿದವು, ಬಸುರಿಯಾಗಿದ್ದಾಗ ಎಷ್ಟು ಹೊತ್ತು ಕಾಳು ಅರೆದರು, ಬಾಣಂತನದಲ್ಲಿ ಏನು ಉಂಡರು ಎಂಬ ಪ್ರಶ್ನೆಗಳನ್ನು ದೇವತೆಯ ಮುಂದೆ ನಿಂತು ಕೇಳುವಂತಿಲ್ಲ. ದೇವತೆಗೆ ಹಸಿವಿಲ್ಲ, ಸುಸ್ತಿಲ್ಲ, ಕೂಲಿಯೂ ಬೇಕಿಲ್ಲ.

ಚೀಟಿ ಅಂಟಿಸುವ ಕೈ ಯಾರದು ಅನ್ನುವುದನ್ನು ಮೊದಲು ನೋಡೋಣ. 1931ರಲ್ಲಿ ಜಾನ್ ಮಾರ್ಷಲ್ ಮೊಹೆಂಜೊದಾರೊ ಕುರಿತ ದೊಡ್ಡ ವರದಿ ಹೊರತಂದ. ಅದರಲ್ಲಿ ಮಣ್ಣಿನ ಹೆಣ್ಣು ಬೊಂಬೆಗಳು ಮಾತೃದೇವತೆಗಳಾದವು. ಅದೇ ಊರಿನಲ್ಲಿ ಸಿಕ್ಕ, ಶಾಲು ಹೊದ್ದ ಗಡ್ಡದ ಗಂಡಸಿನ ಕಲ್ಲಿನ ಮೂರ್ತಿಗೆ 'ಪುರೋಹಿತ ರಾಜ' ಎಂಬ ಹೆಸರು ಬಿತ್ತು. 1926ರಲ್ಲಿ ಸಿಕ್ಕ, ಸೊಂಟದ ಮೇಲೆ ಕೈಯಿಟ್ಟು ನಿಂತ ಕಂಚಿನ ಹುಡುಗಿ 'ನರ್ತಕಿ'ಯಾದಳು. ಸುಮ್ಮನೆ ನಿಂತವಳು ಕುಣಿಯುತ್ತಿದ್ದಾಳೆ ಅಂತ ಇವರಿಗೆ ಹೇಳಿದವರು ಯಾರು? ಗಂಡಸು ಸಿಕ್ಕರೆ ಪುರೋಹಿತ, ರಾಜ. ಹೆಂಗಸು ಸಿಕ್ಕರೆ ದೇವತೆ, ಇಲ್ಲವೆ ಕುಣಿಯುವವಳು. ಕಾಳು ಅರೆದವಳು, ನೀರು ಹೊತ್ತವಳು, ಹೊಕ್ಕುಳಬಳ್ಳಿ ಕತ್ತರಿಸಿದವಳು ಆ ಮಹಾನಗರದಲ್ಲಿ ಇರಲೇ ಇಲ್ಲವೆ?

ಇದು ನಮ್ಮ ದೇಶದ ಪಂಡಿತರಿಗೆ ಮಾತ್ರ ಹತ್ತಿದ ರೋಗ ಅಂತ ತಿಳಿಯಬೇಡಿ. ತುರ್ಕಿ ದೇಶದಲ್ಲಿ ಚಾತಲ್‌ಹೊಯುಕ್ ಎಂಬ, ಸುಮಾರು 9,000 ವರ್ಷ ಹಿಂದೆ ಕಟ್ಟಲು ಶುರುಮಾಡಿದ ಊರಿದೆ. 1961ರಲ್ಲಿ ಜೇಮ್ಸ್ ಮೆಲ್ಲಾರ್ಟ್ ಅಲ್ಲಿ ಅಗೆಯುವಾಗ ಎರಡು ಮೃಗಗಳ ನಡುವೆ ಕೂತ ದಪ್ಪ ಹೆಂಗಸಿನ ಬೊಂಬೆ ಸಿಕ್ಕಿತು. ಲೋಕವೆಲ್ಲ 'ಆದಿಮಾತೆ' ಅಂತ ಅಡ್ಡಬಿದ್ದಿತು. ಅವಳು ಸಿಕ್ಕಿದ್ದು ಕಾಳಿನ ಕಣಜದೊಳಗೆ ಅನ್ನುವ ಮಾತು ಮಾತ್ರ ಹಿಂದೆ ಉಳಿಯಿತು. 1993ರಿಂದ ಇಪ್ಪತ್ತೈದು ವರ್ಷ ಅದೇ ದಿಬ್ಬವನ್ನು ಇಯಾನ್ ಹಾಡರ್ ಮತ್ತು ಸಂಗಡಿಗರು ಮತ್ತೆ ಅಗೆದರು. ಬೊಂಬೆಗಳನ್ನು ಒಂದೊಂದಾಗಿ ಎಣಿಸಿದ ಲಿನ್ ಮೆಸ್ಕೆಲ್ ಕಂಡದ್ದು ಬೇರೆಯೇ: ಹೆಚ್ಚಿನವು ಪ್ರಾಣಿಗಳ ಬೊಂಬೆಗಳು, ಖಚಿತವಾಗಿ ಹೆಣ್ಣು ಎನ್ನಬಹುದಾದವು ತೀರ ಕಡಿಮೆ. ಒಂದು ಬೊಂಬೆಯ ಮೇಲೆ ಇಡೀ ಮಾತೃರಾಜ್ಯ ಕಟ್ಟಿದವರು ಆ ಊರಿನ ಹೆಂಗಸರ ದುಡಿಮೆಯ ಬಗ್ಗೆ ಏನನ್ನೂ ಹೇಳಿರಲಿಲ್ಲ.

ನಾವು ಹೇಳುವುದು ಇಷ್ಟೆ. ಹೆರುವುದು ದುಡಿಮೆ. ಹಾಲೂಡಿಸುವುದು ದುಡಿಮೆ. ಉಳಿದ ಕೂಸಿಗೆ ಗಂಜಿ ಕಾಯಿಸಲು ಕಾಳು ಅರೆಯುವುದು ದುಡಿಮೆ. ಹೊಲ, ಊರು, ಕೋಟೆ, ರಾಜ್ಯ ಎಲ್ಲವೂ ಈ ದುಡಿಮೆಯ ಮೇಲೆ ನಿಂತಿವೆ. ಇದನ್ನು ಪ್ರಕೃತಿ ಎಂದವರು, ತಾಯ್ತನದ ಪುಣ್ಯ ಎಂದವರು ಲೆಕ್ಕ ಕೊಡದೆ ತಪ್ಪಿಸಿಕೊಂಡಿದ್ದಾರೆ. ಆದರೆ ಲೆಕ್ಕ ಮಣ್ಣಿನಲ್ಲಿದೆ, ಮೂಳೆಯಲ್ಲಿದೆ. ಅದನ್ನು ಬಿಚ್ಚಿ ಓದೋಣ.

*

ಸೈಬೀರಿಯಾದ ಬೈಕಲ್ ಸರೋವರದ ಕಡೆ ಇರ್ಕುತ್ಸ್ಕ್ ಎಂಬ ಪಟ್ಟಣವಿದೆ. ಅಲ್ಲಿಯ ಲೊಕೊಮೊಟಿವ್ ಎಂಬ ಪುರಾತನ ಸ್ಮಶಾನದಲ್ಲಿ 1997ರಲ್ಲಿ ಒಬ್ಬ ಹೆಂಗಸಿನ ಎಲುಬುಗಳು ಸಿಕ್ಕವು. ಸುಮಾರು 7,700 ವರ್ಷ ಹಿಂದಿನವಳು. ಬೇಟೆಯಾಡಿ, ಮೀನು ಹಿಡಿದು ಬದುಕುವ ಜನರ ಪೈಕಿಯವಳು. ವಯಸ್ಸು 20ರಿಂದ 25. ಅವಳ ಕಿಬ್ಬೊಟ್ಟೆಯಲ್ಲಿ, ತೊಡೆಗಳ ನಡುವೆ ಎಳೆಯ ಮೂಳೆಗಳಿದ್ದವು. ಒಂದು ಕೂಸಿನದು ಅಂದುಕೊಂಡು ಎತ್ತಿಟ್ಟಿದ್ದರು. ಆಂಜೆಲಾ ಲೀವರ್ಸ್ ಮತ್ತು ಸಂಗಡಿಗರು ಕೂತು ಮತ್ತೆ ಎಣಿಸಿದಾಗ ಕೆಲವು ಮೂಳೆಗಳು ಎರಡೆರಡು ಇದ್ದವು. ಅವಳಿ ಕೂಸುಗಳು. ಒಂದು ಕಾಲು ಮುಂದಾಗಿ ಬರುವಾಗ ಸಿಕ್ಕಿಹಾಕಿಕೊಂಡಿತ್ತು. ಮೂವರೂ ಸತ್ತರು. 2015ರಲ್ಲಿ ಈ ಸಂಗತಿ ಅಚ್ಚಾಯಿತು. ಹೆರುವಾಗ ಸತ್ತ ಹೆಂಗಸರು ಲೆಕ್ಕವಿಲ್ಲದಷ್ಟು. ಅವರಲ್ಲಿ ಒಬ್ಬಳ ಸಾವಿಗೆ ಇಷ್ಟು ನೇರವಾದ ಸಾಕ್ಷಿ ಸಿಗಲು ಕೂಸು ಹೊಟ್ಟೆಯಲ್ಲೇ ಉಳಿದು ಅವಳ ಜೊತೆ ಮಣ್ಣಾಗಬೇಕಾಯಿತು. ಕೂಸು ಬದುಕಿ ತಾಯಿ ಸತ್ತಿದ್ದರೆ, ನಂಜೇರಿ ಹತ್ತನೇ ದಿನ ಸತ್ತಿದ್ದರೆ, ಮೂಳೆ ಏನನ್ನೂ ಹೇಳುತ್ತಿರಲಿಲ್ಲ.

ಒಂದು ಕಾಲದಲ್ಲಿ ಪಂಡಿತರು ಹೆಂಗಸಿನ ಸೊಂಟದ ಮೂಳೆಯ ಮೇಲಿನ ಸಣ್ಣ ಗುಳಿಗಳನ್ನು ನೋಡಿ ಎಷ್ಟು ಹೆರಿಗೆಯಾಗಿದೆ ಅಂತ ಹೇಳಲು ಹೊರಟಿದ್ದರು. ಆಮೇಲೆ ನೋಡಿದರೆ ಹೆರದ ಹೆಂಗಸರಲ್ಲೂ ಆ ಗುಳಿಗಳಿವೆ, ಕೆಲವು ಗಂಡಸರ ಮೂಳೆಯಲ್ಲೂ ಇವೆ! ಕತ್ತಿಯ ಪೆಟ್ಟು ಮೂಳೆಯಲ್ಲಿ ಉಳಿಯುತ್ತದೆ, ಬಾಣದ ಮೊನೆ ಪಕ್ಕೆಲುಬಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹತ್ತು ಸಲ ಸಾವಿನ ಬಾಗಿಲಿಗೆ ಹೋಗಿ ಬಂದವಳ ಮೈಯಲ್ಲಿ ನಂಬುವಂಥ ಗೆರೆ ಉಳಿಯುವುದಿಲ್ಲ. ಹೀಗಾಗಿ ಇತಿಹಾಸದ ಪುಸ್ತಕದಲ್ಲಿ ಯುದ್ಧಕ್ಕೆ ಅಧ್ಯಾಯಗಳಿವೆ, ಹೆರಿಗೆಗೆ ಒಂದು ಸಾಲೂ ಇಲ್ಲ.

ಅರೆದದ್ದು ಮಾತ್ರ ಉಳಿದಿದೆ. ಸಿರಿಯಾದ ಯೂಫ್ರೆಟಿಸ್ ನದಿಯ ದಂಡೆಯಲ್ಲಿ ಅಬು ಹುರೇರಾ ಎಂಬ ಹಳೆಯ ಊರಿತ್ತು. ಲೋಕದ ಮೊದಮೊದಲ ಬೇಸಾಯಗಾರರ ಊರುಗಳಲ್ಲಿ ಒಂದು. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮುನ್ನ, 1972 ಮತ್ತು 1973ರಲ್ಲಿ ಆಂಡ್ರ್ಯೂ ಮೂರ್ ಅದನ್ನು ತರಾತುರಿಯಲ್ಲಿ ಅಗೆದ. ಅಲ್ಲಿಯ ಎಲುಬುಗಳನ್ನು ಪರೀಕ್ಷಿಸಿದ ಥಿಯಾ ಮಾಲಿಸನ್ ಕಂಡದ್ದೇನು? ಕಾಲ್ಬೆರಳ ಕೀಲುಗಳು ಸವೆದಿವೆ, ಮೊಣಕಾಲು ಸವೆದಿದೆ, ಬೆನ್ನುಮೂಳೆಯ ಕೆಳಭಾಗ ಹಾಳಾಗಿದೆ. ಮೊಣಕಾಲೂರಿ, ಕಾಲ್ಬೆರಳು ಮಡಚಿ, ತಗ್ಗುಬಿದ್ದ ಕಲ್ಲಿನ ಮೇಲೆ ಇನ್ನೊಂದು ಕಲ್ಲಿಟ್ಟು ಹಿಂದಕ್ಕೂ ಮುಂದಕ್ಕೂ ತಳ್ಳಿ ದಿನವೂ ಗಂಟೆಗಟ್ಟಲೆ ಕಾಳು ಅರೆದವರ ಮೈ ಅದು. ಈ ಗುರುತುಗಳು ಹೆಚ್ಚಾಗಿ ಕಂಡದ್ದು ಹೆಂಗಸರ ಮೂಳೆಗಳಲ್ಲಿ.

ಮಧ್ಯ ಯೂರೋಪಿನಲ್ಲೂ ಇದೇ ಕಥೆ. 2017ರಲ್ಲಿ ಆಲಿಸನ್ ಮ್ಯಾಕಿಂಟಾಷ್ ಮತ್ತು ಸಂಗಡಿಗರು ಅಲ್ಲಿಯ ಮೊದಲ ಬೇಸಾಯಗಾರ ಹೆಂಗಸರ ತೋಳಿನ ಮೂಳೆಯನ್ನು ಕೇಂಬ್ರಿಜಿನಲ್ಲಿ ದೋಣಿ ಹುಟ್ಟುಹಾಕುವ ಪಂದ್ಯಗಾರ್ತಿಯರ ತೋಳಿಗೆ ಹೋಲಿಸಿದರು. ಹಳೆಯ ಹೆಂಗಸರ ತೋಳಿನ ಮೂಳೆ ಶೇಕಡಾ 11ರಿಂದ 16ರಷ್ಟು ಹೆಚ್ಚು ಬಲವಾಗಿತ್ತು! ಪಂದ್ಯಗಾರ್ತಿಗೆ ಪದಕ ಉಂಟು, ಹಾಲು ಮೊಟ್ಟೆ ಉಂಟು. ಇವಳು ಹೊಟ್ಟೆಯಲ್ಲೊಂದು, ಬೆನ್ನಲ್ಲೊಂದು ಕೂಸು ಕಟ್ಟಿಕೊಂಡೇ ಆ ತೋಳು ಬೆಳೆಸಿಕೊಂಡಳು. 'ಅಬಲೆ' ಎಂಬ ಮಾತು ಹುಟ್ಟಿಸಿದವನು ಈ ಮೂಳೆಯನ್ನು ಕೈಯಲ್ಲಿ ಹಿಡಿದು ನೋಡಬೇಕಿತ್ತು.

*

ಬೇಸಾಯ ಬಂದದ್ದನ್ನು ಪಠ್ಯಪುಸ್ತಕಗಳು 'ಕ್ರಾಂತಿ' ಅನ್ನುತ್ತವೆ. ಯಾರ ಮೈಮೇಲೆ ನಡೆದ ಕ್ರಾಂತಿ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಅಲೆದಾಡಿ ಬದುಕುವ ಕಲಹಾರಿಯ ಜನರಲ್ಲಿ ಒಂದು ಹೆರಿಗೆಗೂ ಇನ್ನೊಂದಕ್ಕೂ ಸುಮಾರು ನಾಲ್ಕು ವರ್ಷ ಅಂತರ ಇರುತ್ತಿದ್ದುದನ್ನು ಕಳೆದ ಶತಮಾನದ ಸಂಶೋಧಕರು ದಾಖಲಿಸಿದ್ದಾರೆ. ತಾಯಿ ಕೂಸನ್ನು ಹೊತ್ತು ನಡೆಯುತ್ತಾಳೆ, ಮೂರು ವರ್ಷ ದಾಟಿದರೂ ಹಾಲು ಕೊಡುತ್ತಾಳೆ, ಅಷ್ಟು ದಿನ ಮತ್ತೆ ಬಸಿರು ನಿಲ್ಲುವುದು ಕಷ್ಟ. ಊರು ನಿಂತಿತು, ಕಣಜ ತುಂಬಿತು, ಮಡಕೆಯಲ್ಲಿ ಗಂಜಿ ಬೆಂದಿತು. ಕೂಸಿಗೆ ಗಂಜಿ ಹಾಕಿ ಬೇಗ ಹಾಲು ಬಿಡಿಸಿದರು. ಹಾಲು ಬಿಡಿಸಿದ್ದೇ ತಡ, ಮತ್ತೆ ಬಸಿರು. ಜೀನ್ ಪಿಯರ್ ಬೋಕೆ-ಅಪೆಲ್ ಎಂಬ ಫ್ರೆಂಚ್ ವಿದ್ವಾಂಸ ಬೇಸಾಯದ ಮುಂಚಿನ ಮತ್ತು ನಂತರದ ಸ್ಮಶಾನಗಳ ಲೆಕ್ಕ ಹಾಕಿದ. ಬೇಸಾಯ ಬಂದ ಕೆಲವೇ ನೂರು ವರ್ಷಗಳಲ್ಲಿ ಸ್ಮಶಾನಗಳಲ್ಲಿ ಎಳೆಯರ ಪಾಲು ಎದ್ದು ಕಾಣುವಷ್ಟು ಏರಿತ್ತು. ಸತ್ತ ಎಳೆಯರ ಪಾಲು ಏರಿದ್ದಕ್ಕೆ ಮುಖ್ಯ ಕಾರಣ ಹೆರಿಗೆಗಳು ಏರಿದ್ದು ಅಂತ ಅವನ ತರ್ಕ. ಮೊದಲು ಹೆರಿಗೆ ಏರಿತು, ಬೆನ್ನ ಹಿಂದೆಯೇ ಎಳೆಯರ ಸಾವೂ ಏರಿತು. ಹೊಲಕ್ಕೆ ಕೈಗಳು ಬೇಕಿದ್ದವು. ಆ ಕೈಗಳನ್ನು ಹೊತ್ತು ಹೆತ್ತವಳು ಯಾರು?

ಹಲ್ಲು, ಮೂಳೆಗಳಲ್ಲಿ ಸಾರಜನಕದ ಒಂದು ಭಾರದ ರೂಪ ಉಳಿದಿರುತ್ತದೆ. ಹುಲ್ಲು ತಿನ್ನುವ ಜಿಂಕೆಯಲ್ಲಿ ಅದು ಕಡಿಮೆ, ಜಿಂಕೆ ತಿನ್ನುವ ಹುಲಿಯಲ್ಲಿ ಒಂದು ಮೆಟ್ಟಿಲು ಹೆಚ್ಚು. ಮೊಲೆಹಾಲು ಕುಡಿಯುವ ಕೂಸಿನಲ್ಲಿ ಅದು ತಾಯಿಗಿಂತ ಒಂದು ಮೆಟ್ಟಿಲು ಮೇಲಿರುತ್ತದೆ. ಅಂದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಕೂಸು ತಾಯಿಯ ಮೈಯನ್ನೇ ಉಣ್ಣುತ್ತದೆ. ಹಾಲು ಬಿಡಿಸಿದ ಮೇಲೆ ಆ ಅಂಶ ಇಳಿಯುತ್ತದೆ. ಹೀಗೆ ಸಾವಿರಾರು ವರ್ಷ ಹಿಂದಿನ ಕೂಸು ಎಷ್ಟು ತಿಂಗಳು ಹಾಲು ಕುಡಿಯಿತು ಅಂತ ಇವತ್ತು ಅಂದಾಜು ಮಾಡಬಹುದು. ಕವಿಗಳು ತಾಯಿಹಾಲನ್ನು ಅಮೃತ ಎಂದು ಹೊಗಳಿದರು. ಅದು ಒಬ್ಬ ಹೆಂಗಸಿನ ರಕ್ತಮಾಂಸ ಕರಗಿ ಬಂದದ್ದು, ಅವಳು ಉಣ್ಣದಿದ್ದರೆ ಅವಳ ಮೂಳೆಯಿಂದಲೇ ಸುಣ್ಣ ಇಳಿಯುತ್ತದೆ ಅನ್ನುವ ಮಾತು ಯಾವ ಹೊಗಳಿಕೆಯಲ್ಲೂ ಬರಲಿಲ್ಲ.

ಜರ್ಮನಿಯ ಬವೇರಿಯಾದಲ್ಲಿ ಕೂಸುಗಳ ಸಮಾಧಿಗಳಲ್ಲಿ ಪುಟ್ಟ ಮೂತಿಯ ಮಣ್ಣಿನ ಕುಡಿಕೆಗಳು ಸಿಕ್ಕಿವೆ. 2019ರಲ್ಲಿ ಜೂಲಿ ಡನ್ ಮತ್ತು ಸಂಗಡಿಗರು ಅಂಥ ಮೂರು ಕುಡಿಕೆಗಳ ಒಳಗಿನ ಜಿಡ್ಡನ್ನು ಪರೀಕ್ಷಿಸಿ, ಅವುಗಳಲ್ಲಿ ಪ್ರಾಣಿಗಳ ಹಾಲು ಹಾಕಿ ಕುಡಿಸುತ್ತಿದ್ದರೆಂದು ಕಂಡುಕೊಂಡರು. ಈ ಪುಟ್ಟ ಕುಡಿಕೆ ನಮಗೆ ಯಾವ ರಾಜನ ಕಿರೀಟಕ್ಕಿಂತಲೂ ದೊಡ್ಡದು. ತಾಯಿ ಸತ್ತಿದ್ದಕ್ಕೋ, ಹಾಲು ಬತ್ತಿದ್ದಕ್ಕೋ, ಹೊಲಕ್ಕೆ ಹೋಗಲೇಬೇಕಾಗಿ ಬಂದದ್ದಕ್ಕೋ ಯಾರೋ ಕೂತು ಇದನ್ನು ಮಾಡಿದರು, ಸುಟ್ಟರು, ಕೂಸಿನ ಬಾಯಿಗೆ ಹಿಡಿದರು.

*

ದೂರದ ಮಾತು ಸಾಕು, ನಮ್ಮ ದಖ್ಖನಿನ ಮಣ್ಣಿಗೇ ಬರೋಣ.

ಪುಣೆ ಜಿಲ್ಲೆಯಲ್ಲಿ ಘೋಡ್ ನದಿಯ ದಂಡೆಯ ಮೇಲೆ ಇನಾಂಗಾಂವ್ ಇದೆ. ಕ್ರಿ.ಪೂ. 1600ರಿಂದ 700ರವರೆಗೆ ಅಲ್ಲಿ ಬೇಸಾಯಗಾರರು ಬದುಕಿದ್ದರು. ಡೆಕ್ಕನ್ ಕಾಲೇಜಿನವರು 1968ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಅಗೆದರು. ಐದು ಕೋಣೆಯ ಮನೆಯ ಅಂಗಳದಲ್ಲಿ, ನಾಲ್ಕು ಕಾಲಿನ ದೊಡ್ಡ ಮಣ್ಣಿನ ಹಂಡೆಯಲ್ಲಿ ಕೂರಿಸಿ ಹೂಳಿದ ಒಬ್ಬ ಗಂಡಸು ಸಿಕ್ಕಿದ. ಅವನು ಊರಿನ ಯಜಮಾನ ಇರಬೇಕು ಅಂದರು. 2006ರ ಎನ್‌ಸಿಇಆರ್‌ಟಿ ಆರನೇ ತರಗತಿಯ ಪುಸ್ತಕದಲ್ಲಿ ಅವನಿಗೆ ಬೇರೆ ತಲೆಬರಹವನ್ನೇ ಕೊಟ್ಟು ಬರೆದರು. ಒಳ್ಳೆಯದು, ಓದೋಣ. ಆದರೆ ಆ ಊರಿನ ಇನ್ನೂರಕ್ಕೂ ಹೆಚ್ಚು ಸಮಾಧಿಗಳಲ್ಲಿ ಬಹುಪಾಲು ಯಾರವು? ಕೂಸುಗಳವು. ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಸೇರಿಸಿ, ಒಳಗೆ ಕೂಸನ್ನು ಮಲಗಿಸಿ, ಮನೆಯ ನೆಲದ ಕೆಳಗೇ ಹೂಳಿದ್ದಾರೆ. ಅದೇ ನೆಲದ ಮೇಲೆ ತಾಯಿ ಒಲೆ ಹಚ್ಚಿದಳು, ಕಾಳು ಅರೆದಳು, ಮತ್ತೆ ಬಸುರಾದಳು.

ಕೊನೆಯ ಮುನ್ನೂರು ವರ್ಷ ಆ ಊರಿನ ಬದುಕು ಇಳಿಯಿತು. ಚೌಕದ ಮನೆಗಳು ಹೋಗಿ ದುಂಡು ಗುಡಿಸಲುಗಳು ಬಂದವು. ಆ ಕಾಲದ ಕೂಸುಗಳ ಮೂಳೆಗಳನ್ನು ಅಳೆದ ಗ್ವೆನ್ ರಾಬಿನ್ಸ್ ಶುಗ್ 2011ರ ತಮ್ಮ ಪುಸ್ತಕದಲ್ಲಿ ಬರೆದದ್ದನ್ನು ಸರಳವಾಗಿ ಹೇಳಿದರೆ: ಹೆರಿಗೆ ಹೆಚ್ಚು, ಕೂಸುಗಳ ಸಾವೂ ಹೆಚ್ಚು, ಮೂಳೆ ಬೆಳೆಯಬೇಕಾದಷ್ಟು ಬೆಳೆದಿಲ್ಲ. ಬರ ಬಂದಾಗ, ಬಡತನ ಬಂದಾಗ ಹೆಂಗಸಿನ ಹೊಟ್ಟೆಗೆ ಬಿಡುವು ಸಿಗಲಿಲ್ಲ. ಸತ್ತವುಗಳ ಜಾಗ ತುಂಬುವ ಕೆಲಸವೂ ಅವಳ ತಲೆಗೇ ಬಿತ್ತು.

ಇದೇ ಇನಾಂಗಾಂವ್‌ನ ಒಂದು ಮನೆಯಲ್ಲಿ ಮುಚ್ಚಳವಿದ್ದ ಒಂದು ಮಣ್ಣಿನ ಪೆಟ್ಟಿಗೆ ಸಿಕ್ಕಿತು. ಅದರ ಜೊತೆ ಸುಡದ ಮಣ್ಣಿನ ಹೆಣ್ಣು ಬೊಂಬೆ, ಒಂದು ಎತ್ತು. ಬೊಂಬೆಗೆ ಮೊಲೆ ಇದೆ, ತಲೆ ಇಲ್ಲ. ದೇವತೆ ಅಂದರು ವಿದ್ವಾಂಸರು. ಇರಬಹುದು, ಕೂಸು ಉಳಿಯಲಿ ಅಂತ ಆ ಮನೆಯವರು ಹರಕೆ ಹೊತ್ತಿರಬಹುದು. ಅವರ ದುಃಖಕ್ಕೆ ನಾವು ತಲೆಬಾಗುತ್ತೇವೆ. ಅದಾಗಿ ಸಾವಿರಾರು ವರ್ಷಗಳ ಮೇಲೆ ನಮ್ಮ ಬಾದಾಮಿಯ ಕಡೆ ಕಲ್ಲಿನಲ್ಲಿ ಕಡೆದವಳನ್ನು ನೋಡಿ. ತೊಡೆ ಅಗಲಿಸಿ ಹೆರುವ ಭಂಗಿಯಲ್ಲಿದ್ದಾಳೆ, ತಲೆ ಇರಬೇಕಾದ ಜಾಗದಲ್ಲಿ ತಾವರೆ ಇದೆ. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದ್ದಾಳೆ. ಅವಳಿಗೆ ಕೊಟ್ಟ ಹೆಸರು ಲಜ್ಜಾಗೌರಿ. ಹೆರುವುದರಲ್ಲಿ ಲಜ್ಜೆ ಏನು ಬಂತು? ನಾಚಿಕೆ ಯಾರದು, ಹೆತ್ತವಳದೋ, ಹೆಸರಿಟ್ಟವನದೋ? ಗರ್ಭ ಬೇಕು, ಮೊಲೆ ಬೇಕು, ತಲೆ ಮಾತ್ರ ಬೇಡ. ತಲೆ ಇದ್ದರೆ ಬಾಯಿ ಇರುತ್ತದೆ, ಬಾಯಿ ಇದ್ದರೆ ಲೆಕ್ಕ ಕೇಳುತ್ತಾಳೆ.

ಕೃಷ್ಣೆ ದಾಟಿ ಇತ್ತ ಬಂದರೆ ನಮ್ಮದೇ ಬಯಲುಸೀಮೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದ. ಕಲ್ಲುಕೊಡಲಿಯ ಕಾಲದ ಆ ಜನರೂ ತಮ್ಮ ಕೂಸುಗಳನ್ನು ಮಡಕೆಯಲ್ಲಿಟ್ಟು ಮನೆಗಳ ನಡುವೆಯೇ ಹೂಳಿದ್ದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ಮಡಕೆಯೊಳಗೆ ಕೂಸುಗಳು. ಬಳ್ಳಾರಿ ಪಕ್ಕದ ಸಂಗನಕಲ್ಲು ಬೆಟ್ಟಗಳಲ್ಲಿ ಬಂಡೆಯ ಮೇಲೆ ಗೂಳಿಗಳ ಚಿತ್ರ ಕೊರೆದಿದ್ದಾರೆ. ಅದೇ ಬಂಡೆಗಳಲ್ಲಿ ಅರೆದು ಅರೆದು ನುಣುಪಾದ ತಗ್ಗುಗಳೂ ಇವೆ. ಅಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರುಳಿ ಇದೆ, ಹೆಸರು ಇದೆ, ಕೊರಲೆ ಇದೆ. ಇವತ್ತಿಗೂ ನಮ್ಮ ಬಡವರ ಮನೆಯ ಕಾಳುಗಳೇ ಅವು. ಈ ಜನರ ಬಗ್ಗೆ 1963ರಲ್ಲಿ ರೇಮಂಡ್ ಆಲ್ಚಿನ್ ಬರೆದ ಪುಸ್ತಕದ ಹೆಸರಿನಲ್ಲಿ ಅವರು ದನ ಸಾಕುವವರು. ಬೂದಿದಿಬ್ಬಗಳು ದನದ ಸಗಣಿಯವು ಎಂದು ಸಾಧಿಸಿದ ದೊಡ್ಡ ವಿದ್ವಾಂಸ ಅವನು, ಅವನ ಶ್ರಮಕ್ಕೆ ಗೌರವ ಇದೆ. ಆದರೆ ನಾವು ಕೇಳುತ್ತೇವೆ: ದನ ಸಾಕಿದವರನ್ನು ಸಾಕಿದವರು ಯಾರು? ಗೂಳಿಯ ಚಿತ್ರಕ್ಕೆ ಪುಟಗಟ್ಟಲೆ ವಿವರಣೆ ಉಂಟು, ಅರೆಯುವ ತಗ್ಗಿಗೆ ಎಷ್ಟು ಸಾಲು? ಜಲ್ಲಿ, ಗ್ರಾನೈಟಿನ ದಂಧೆ ಆ ಬೆಟ್ಟಗಳಿಗೆ ಸಿಡಿಮದ್ದು ಇಟ್ಟಾಗ ಪುಡಿಯಾದದ್ದು ಬರೀ ಕಲ್ಲಲ್ಲ, ನಮ್ಮ ಅಜ್ಜಿಯರ ದುಡಿಮೆಯ ದಾಖಲೆ.

*

ಈಗ ಮೂರು ಥರದ ಜನರಿಗೆ ಉತ್ತರ ಹೇಳಬೇಕು.

ಮೊದಲನೆಯವರು ಸಂಸ್ಕೃತಿಯ ಗುತ್ತಿಗೆದಾರರು. ನಮ್ಮಲ್ಲಿ ಹೆಣ್ಣಿಗೆ ಪೂಜೆ ಇತ್ತು ಅಂತ ಮನುವಿನ ಒಂದೇ ಒಂದು ಶ್ಲೋಕ ಹಿಡಿದು ಕುಣಿಯುವವರು. ಸ್ವಾಮಿ, ಪೂಜೆ ಬೇಡ, ಪಾಲು ಕೊಡಿ. ಎಷ್ಟೋ ಊರುಗಳಲ್ಲಿ ನಿಮ್ಮ ಮನೆಯ ಹೆರಿಗೆಗೆ ಹೊಲಗೇರಿಯಿಂದಲೇ ಸೂಲಗಿತ್ತಿ ಬಂದಳು. ಕೂಸನ್ನು ಮೊದಲು ಮುಟ್ಟಿದವಳು ಅವಳು, ಹೊಕ್ಕುಳಬಳ್ಳಿ ಕತ್ತರಿಸಿದವಳು ಅವಳು, ಮಾಸು ಹೂತವಳು ಅವಳು. ಕೆಲಸ ಮುಗಿದ ಮೇಲೆ ಪುರುಡಿನ ಮೈಲಿಗೆ ಅಂತ ನೀರು ಚಿಮುಕಿಸಿಕೊಂಡು ಅವಳನ್ನು ಹಿತ್ತಲ ಬಾಗಿಲಿಂದ ಕಳಿಸಿದಿರಿ. ಹೆತ್ತವಳು ಮೈಲಿಗೆ, ಹೆರಿಸಿದವಳು ಹುಟ್ಟಾ ಮೈಲಿಗೆ, ಮಂತ್ರ ಹೇಳಿ ದಕ್ಷಿಣೆ ತಗೊಂಡವನು ಮಾತ್ರ ಮಡಿ!

ಎರಡನೆಯವರು, ಹಿಂದೆ ಎಲ್ಲೆಲ್ಲೂ ಹೆಣ್ಣಾಳ್ವಿಕೆ ಇತ್ತು ಅಂತ ಕನಸು ಕಾಣುವವರು. ಇವರ ಆಸೆ ಒಳ್ಳೆಯದೇ. ಆದರೆ ಬೊಂಬೆ ನೋಡಿ ರಾಜ್ಯ ಕಟ್ಟಲಾಗದು. ದೇವಿಯ ಗುಡಿ ಇರುವ ಊರಿನಲ್ಲೇ ಹೆಂಗಸರನ್ನು ಹೊಡೆಯುವುದನ್ನು ನಾವು ದಿನಾ ನೋಡುತ್ತಿಲ್ಲವೆ? ಹಿಂದೆ ಸುಖವಿತ್ತು ಅನ್ನುವ ಸುಳ್ಳು ನಮಗೆ ಬೇಡ. ಮುಂದೆ ನ್ಯಾಯ ಕೇಳಲು ಹಿಂದಿನ ಸತ್ಯವೇ ಸಾಕು.

ಮೂರನೆಯವರು ನಮ್ಮ ಕ್ರಾಂತಿಕಾರಿ ಗೆಳೆಯರು. ಹೊಲ, ಕಾರ್ಖಾನೆಯಲ್ಲಿ ಆಗುವುದಷ್ಟೇ ಉತ್ಪಾದನೆ, ಹೆರಿಗೆ ಅಡಿಗೆ ಎಲ್ಲ ಮನೆವಾರ್ತೆ ಅನ್ನುವವರು. ಗೆಳೆಯರೇ, ನಿಮ್ಮ ಎಂಗೆಲ್ಸನೇ 1884ರ ತನ್ನ ಪುಸ್ತಕದ ಮುನ್ನುಡಿಯಲ್ಲಿ ಉತ್ಪಾದನೆ ಎರಡು ಬಗೆ ಅಂದಿದ್ದಾನೆ: ಬದುಕಿಗೆ ಬೇಕಾದ ವಸ್ತುಗಳದ್ದು ಒಂದು, ಮನುಷ್ಯರದ್ದೇ ಇನ್ನೊಂದು. ಎರಡನೆಯದನ್ನು ಓದದೆ ಪುಟ ತಿರುಗಿಸಿದವರು ಯಾರು?

ಬಾಬಾಸಾಹೇಬರು ಇದನ್ನು ಇನ್ನೂ ಆಳಕ್ಕೆ ಒಯ್ದರು. 1916ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಬೇರು ಒಳಮದುವೆಯಲ್ಲಿದೆ ಎಂದರು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವೆಲ್ಲ ಹೆಣ್ಣಿನ ಗರ್ಭಕ್ಕೆ ಜಾತಿ ಹಾಕಿದ ಬೀಗಗಳು ಅನ್ನುವುದು ಆ ತರ್ಕದಿಂದ ನಮಗೆ ಸಿಕ್ಕ ಅರಿವು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡುವ ಮಸೂದೆಯ ಪರವಾಗಿ ಮಾತಾಡಿದರು. 1938ರಲ್ಲಿ ಅವರ ಸ್ವತಂತ್ರ ಕಾರ್ಮಿಕ ಪಕ್ಷದ ಪಿ. ಜೆ. ರೋಹಮ್ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಠರಾವು ತಂದರು. ಠರಾವು ಬಿದ್ದುಹೋಯಿತು. ಆದರೆ ಹೆರುವುದು ದುಡಿಮೆ, ಅದಕ್ಕೆ ಕೂಲಿ ಬೇಕು, ಬಿಡುವು ಬೇಕು, ಬೇಡವೆನ್ನುವ ಹಕ್ಕೂ ಬೇಕು ಎಂಬ ಮಾತು ಅಂದೇ ಶಾಸನಸಭೆಯ ಮುಂದೆ ಬಂದಿತ್ತು.

ಇವತ್ತು ಏನಾಗಿದೆ? ಊರೂರಿಗೆ ತಿರುಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಆಶಾ ಕಾರ್ಯಕರ್ತೆ ಸರ್ಕಾರದ ಲೆಕ್ಕದಲ್ಲಿ ನೌಕರಳಲ್ಲ, 'ಸ್ವಯಂಸೇವಕಿ'. ಅವಳಿಗೆ ಕೊಡುವುದು ಸಂಬಳವಲ್ಲ, 'ಗೌರವಧನ'. ಗಾಜಿನ ಪೆಟ್ಟಿಗೆಯ ಮೇಲಿನ ಚೀಟಿಗೂ ಈ ಗೌರವಕ್ಕೂ ಏನು ವ್ಯತ್ಯಾಸ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗ್ಯೆಮೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಸವೆಸುತ್ತಾರೆ, ಗಂಡಸರು 88 ನಿಮಿಷ. ಇನಾಂಗಾಂವ್ ಇರುವ ಮಹಾರಾಷ್ಟ್ರದಲ್ಲೇ, ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಬಡ ಹೆಂಗಸರು ಗುಂಪುಗುಂಪಾಗಿ ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ಹೊರಬಿತ್ತು. ಒಂದು ದಿನ ಕೆಲಸ ತಪ್ಪಿದರೆ ಮೇಸ್ತ್ರಿಗೆ ದಂಡ ಕಟ್ಟಬೇಕಿತ್ತು. ಒಂದು ಕಾಲದಲ್ಲಿ ಹೊಲಕ್ಕೆ ಕೈ ಬೇಕು ಅಂತ ಗರ್ಭ ದುಡಿಯಿತು. ಈಗ ಹೊಲದ ಕೆಲಸಕ್ಕೆ ಅಡ್ಡಿ ಅಂತ ಗರ್ಭವನ್ನೇ ಕಿತ್ತರು. ಯಜಮಾನನ ಲೆಕ್ಕ ಎರಡು ಸಲವೂ ಸರಿಹೋಯಿತು.

ಹಳ್ಳಿಯ ಮೇಷ್ಟ್ರುಗಳೇ, ಅಕ್ಕೋರೇ, ವಿದ್ಯಾರ್ಥಿ ಗೆಳೆಯರೇ, ಕೆಲಸ ನಿಮ್ಮ ಕೈಯಲ್ಲಿದೆ. ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಾಗ ರಾಜನ ಕತ್ತಿಯ ಮುಂದೆ ನಿಂತಷ್ಟೇ ಹೊತ್ತು ಅರೆಯುವ ಕಲ್ಲಿನ ಮುಂದೆ ನಿಲ್ಲಿಸಿ. ಮಾತೃದೇವತೆ ಎಂಬ ಚೀಟಿ ಕಂಡರೆ, ಹಾಗೆಂದು ಹೇಳಲು ಏನು ಆಧಾರ ಅಂತ ಕೇಳಲು ಕಲಿಸಿ. ನಿಮ್ಮ ಊರಿನ ಗುಡ್ಡದಲ್ಲಿ ಸವೆದ ಬಂಡೆ ಇದ್ದರೆ, ಬೂದಿದಿಬ್ಬ ಇದ್ದರೆ, ಕ್ರಷರಿನವರು ಬರುವ ಮುಂಚೆ ಬರೆದಿಡಿ, ಚಿತ್ರ ತೆಗೆದಿಡಿ, ಪುರಾತತ್ವ ಇಲಾಖೆಗೆ ಅರ್ಜಿ ಹಾಕಿ. ಊರಿನ ಹಳೆಯ ಸೂಲಗಿತ್ತಿ ಇನ್ನೂ ಬದುಕಿದ್ದರೆ ಅವಳ ಹತ್ತಿರ ಕೂತು ಕೇಳಿ: ಎಷ್ಟು ಹೆರಿಗೆ ಮಾಡಿಸಿದೆ, ಏನು ಕೊಟ್ಟರು, ಯಾವ ಬಾಗಿಲಿಂದ ಕಳಿಸಿದರು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ.